ಪರಭಾಷಾ ಕಲಿಕೆಯ ಮನೋವಿಜ್ಞಾನ

ತಾಯ್ನುಡಿಯಲ್ಲದ ಭಾಷೆಯನ್ನು ಮನಸ್ಸು ಹೇಗೆ ದಕ್ಕಿಸಿಕೊಳ್ಳುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದರ ಅಧ್ಯಯನ. ಅದರ ಪ್ರಯೋಗನಿಷ್ಠ ಬೇರುಗಳಲ್ಲೊಂದು ಜರ್ಮನಿಯಲ್ಲಿದೆ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ನೆನಪಿನ ಕುರಿತ ಗ್ರಂಥವನ್ನು 1885ರಲ್ಲಿ ಪ್ರಕಟಿಸಿದ. ಅವನ ಮರೆವಿನ ರೇಖೆಯನ್ನು ಎಲ್ಲರೂ ಬಲ್ಲರು. ಆದರೆ ಕವಿ ಬೈರನ್ನನ ಪದ್ಯಗಳನ್ನು ಕಲಿಯಲು ಅವನಿಗೆ ಆ ಅಕ್ಷರಗುಚ್ಛಗಳಿಗೆ ಬೇಕಾದುದರ ಹತ್ತನೇ ಒಂದರಷ್ಟು ಶ್ರಮ ಸಾಕಾಗಿತ್ತು. ಭಾಷೆ ಕಲಿಯುವವರಿಗೆ ಇದೇ ಹೆಚ್ಚು ಮುಖ್ಯ. ಅರ್ಥ ಮತ್ತು ಅಗತ್ಯ ಕೂಡಿದಲ್ಲಿ ಭಾಷೆ ಬರುತ್ತದೆ, ವಯಸ್ಸಿನ ಪಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದಕ್ಕೆ ಕನ್ನಡದ ಚರಿತ್ರೆಯಲ್ಲೇ ಸಾಕ್ಷಿಯಿದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಕನ್ನಡ ನಾಡಿಗೆ ಬಂದಾಗ ಇಪ್ಪತ್ತು ದಾಟಿದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. 1843ಕ್ಕೆ 'ಮಂಗಳೂರ ಸಮಾಚಾರ' ಪತ್ರಿಕೆಯನ್ನೇ ಹೊರಡಿಸಿದರು. ಹಲವು ಭಾಷೆಗಳಲ್ಲಿ ಪಳಗಿದ ವಿದ್ವಾಂಸರ ಮಾತು ಬೇರೆ ಎಂಬ ಆಕ್ಷೇಪಕ್ಕೆ ಹುರುಳಿದೆ. ಆದರೆ ಪಾಂಡಿತ್ಯವೊಂದೇ ಅವರಿಗೆ ಕನ್ನಡ ಕಲಿಸಲಿಲ್ಲ. ಕನ್ನಡಿಗರ ನಡುವೆಯೇ ಬಾಳಬೇಕಾದ ಅನಿವಾರ್ಯತೆಯೂ ಕಲಿಸಿತು.

1959ರಲ್ಲಿ ಮನೋವಿಜ್ಞಾನಿಗಳಾದ ಗಾರ್ಡ್‌ನರ್ ಮತ್ತು ಲ್ಯಾಂಬರ್ಟ್ ಮಾಂಟ್ರಿಯಲ್‌ನ ವಿದ್ಯಾರ್ಥಿಗಳಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದೇ: ಫ್ರೆಂಚ್ ಭಾಷಿಕರೊಡನೆ ಬೆರೆಯುವ ಆಸೆಯುಳ್ಳವರು ಫ್ರೆಂಚ್ ಕಲಿಕೆಯಲ್ಲಿ ಮುಂದಿದ್ದರು. ಭಾಷಾವಿಜ್ಞಾನಿ ಎರಿಕ್ ಲೆನ್ನೆಬರ್ಗ್ ಮಾತ್ರ 1967ರಲ್ಲಿ, ಹರೆಯಕ್ಕೆ ಕಾಲಿಟ್ಟ ಮೇಲೆ ಭಾಷೆಯ ಸಹಜ ಗ್ರಹಿಕೆ ಕುಗ್ಗುತ್ತದೆಂದು ವಾದಿಸಿದ. ಉಚ್ಚಾರಣೆಯ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಇಡೀ ಭಾಷೆಗೆ ಹಬ್ಬಿಸಿದರೆ ಕಿಟೆಲ್ಲರಂಥವರು ಅಡ್ಡ ಬರುತ್ತಾರೆ. ಇನ್ನು ಅರ್ಥಕ್ಕೆ ಮೊದಲ ಸ್ಥಾನ ಕೊಟ್ಟು ತರಗತಿಯನ್ನೇ ಕಟ್ಟಿದ ಧೈರ್ಯದ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ. ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ಇಂಗ್ಲಿಷ್ ಕಲಿಯುವ ಮಕ್ಕಳ ಮುಂದೆ ವ್ಯಾಕರಣದ ಸೂತ್ರದ ಬದಲು ರೈಲು ವೇಳಾಪಟ್ಟಿ, ನಕ್ಷೆಗಳನ್ನು ಇಡಲಾಯಿತು. ಯಾವ ಗಾಡಿ ಮೊದಲು ತಲುಪುತ್ತದೆಂದು ಲೆಕ್ಕ ಹಾಕುವ ಹುಡುಗನ ಗಮನವೆಲ್ಲ ಉತ್ತರದ ಮೇಲೆ. ಇಂಗ್ಲಿಷ್ ಅವನಿಗೆ ಅರಿವಾಗದಂತೆ ಒಳಗಿಳಿಯುತ್ತದೆ. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಪ್ರಕಟಿಸಿದ ಈ ಪ್ರಯೋಗದ ಮೌಲ್ಯಮಾಪನದಲ್ಲಿ, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳದ್ದೇ ಮೇಲುಗೈಯಾದರೂ ಗ್ರಹಿಕೆಯಲ್ಲಿ ಈ ಮಕ್ಕಳು ಮುಂದಿದ್ದರು.

ಜರ್ಮನಿಯ ಬವೇರಿಯಾದ ಹರ್ಟ್ಸೋಗೆನಾವ್‌ರಾಕ್ ಇದೇ ಪ್ರಶ್ನೆಯನ್ನು ಇಂದು ತಿರುಗಿಸಿ ಕೇಳುತ್ತದೆ: ಅಗತ್ಯವೇ ಬೀಳದಿದ್ದರೆ ಭಾಷೆ ಬರುವುದೇ? ಆಡಿಡಾಸ್, ಪೂಮಾಗಳ ತವರಾದ ಈ ಪುಟ್ಟ ಊರಿಗೆ ನಾನಾ ದೇಶಗಳಿಂದ ನೌಕರರು ಬರುತ್ತಾರೆ. ಆಡಿಡಾಸ್‌ನ ಕಚೇರಿ ಭಾಷೆ ಇಂಗ್ಲಿಷ್ ಆದ್ದರಿಂದ ಜರ್ಮನ್ ಬಾರದೆಯೂ ಅಲ್ಲಿ ದಿನ ಸಾಗುತ್ತದೆ. ಮಕ್ಕಳ ಶಾಲೆಯ ಪಾಲಕರ ಸಭೆ, ಪುರಸಭೆಯ ಕಾಗದಪತ್ರ ಮಾತ್ರ ಜರ್ಮನ್‌ನಲ್ಲೇ. ಅಲ್ಲಿಗೆ ಹೋಗುವ ಕನ್ನಡಿಗರು ಭಾಷಾ ತರಗತಿಯ ಶುಲ್ಕ ಕಟ್ಟಿ ಸುಮ್ಮನಾಗದೆ, ಮೊದಲ ತಿಂಗಳಿಂದಲೇ ತಪ್ಪುತಪ್ಪಾಗಿಯಾದರೂ ಆ ಸಭೆಗಳಲ್ಲಿ ಜರ್ಮನ್ ಮಾತಾಡಬೇಕು.