ಮಿಸ್ತ್ರಿ ಮಾತು ಹೋಗಿ ಕಾರ್ಡು ಬಂತು

ವಿಜಯಪುರ–ಹುಬ್ಬಳ್ಳಿ ಹೆದ್ದಾರಿ ನಮ್ಮ ಅನಗವಾಡಿ ಹತ್ತಿರ ಘಟಪ್ರಭಾ ಹೊಳೆ ದಾಟುತ್ತದೆ. ಲಾರಿ, ಟಂಟಂ, ಟ್ರ್ಯಾಕ್ಟರ್ ಹಗಲು ರಾತ್ರಿ ಓಡುವ ಇಂಥ ದಾರಿಗಳ ಗ್ಯಾರೇಜುಗಳಲ್ಲಿ ಒಂದು ಜಗಳ ಪದೇ ಪದೇ ಕೇಳಿಬರುತ್ತದೆ. ಹೊಸ ಬ್ಯಾಟರಿ ವರ್ಷ ತುಂಬುವ ಮೊದಲೇ ಕೈಕೊಟ್ಟಿರುತ್ತದೆ. ಗಿರಾಕಿ "ಗ್ಯಾರಂಟಿ ಐತಿ ಅಂದಿದ್ರಲ್ರೀ" ಅನ್ನುತ್ತಾನೆ. ಅಂಗಡಿಯವರು "ಕಾರ್ಡ್ ತಗೊಂಡ್ ಬರ್ರಿ" ಅನ್ನುತ್ತಾರೆ. ಕಾರ್ಡು ಇರುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಜಗಳಕ್ಕೂ ಒಂದು ಇತಿಹಾಸ ಇದೆ.

ಮೊದಲಿನ ಮೋಟಾರು ಗಾಡಿಗಳನ್ನು ಚಾಲೂ ಮಾಡಲು ಬ್ಯಾಟರಿ ಬೇಕಿರಲಿಲ್ಲ, ರಟ್ಟೆ ಬೇಕಿತ್ತು. ಎಂಜಿನ್ ಮುಂದೆ ಹ್ಯಾಂಡಲ್ ಸಿಗಿಸಿ ತಿರುವಬೇಕು. ಅದು ತಿರುಗಿ ಹೊಡೆದರೆ ಕೈಯೇ ಮುರಿಯುತ್ತಿತ್ತು. ಹಳೇ ಲಾರಿ, ಟ್ರ್ಯಾಕ್ಟರ್ ನೋಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲೇ ಮಾಡಿದ್ದ. ಆದರೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ತಯಾರಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿಗೆ ಬಂದ ಮೇಲೆ ಅದು ಗಾಡಿಯ ಬಿಡಲಾರದ ಭಾಗವಾಯಿತು. ನಮ್ಮ ದೇಶದಲ್ಲಿ 1947ರಲ್ಲಿ ನೋಂದಣಿಯಾದ ಒಂದು ಬ್ಯಾಟರಿ ಕಂಪನಿ ಹೆಸರು ಬದಲಿಸುತ್ತ ಬದಲಿಸುತ್ತ 1995ರಲ್ಲಿ ಎಕ್ಸೈಡ್ ಇಂಡಸ್ಟ್ರೀಸ್ ಆಯಿತು. 2000ದಲ್ಲಿ ಅಮರಾನ್ ಬಂತು. ಅಂಗಡಿಗಳ ಬೋರ್ಡಿನ ಮೇಲೆ ಈ ಹೆಸರುಗಳನ್ನು ನೀವು ದಿನಾ ನೋಡುತ್ತೀರಿ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಕಂಪನಿಯ ಹೆಸರಲ್ಲ, ಬ್ಯಾಟರಿಯ ಡಬ್ಬಿ. ಹಳೇ ಬ್ಯಾಟರಿ ಗಟ್ಟಿ ರಬ್ಬರಿನ ಕರೀ ಪೆಟ್ಟಿಗೆ. ಒಳಗೆ ಆರು ಸೆಲ್, ಒಂದೊಂದಕ್ಕೆ ಸುಮಾರು 2 ವೋಲ್ಟ್, ಒಟ್ಟು 12. ಮೇಲೆ ಡಾಂಬರಿನಂಥ ಮೇಣ ಹಾಕಿ ಮುಚ್ಚಿರುತ್ತಿದ್ದರು. ಒಂದು ಸೆಲ್ ಸತ್ತರೆ ಮಿಸ್ತ್ರಿ ಆ ಮೇಣ ಕರಗಿಸಿ, ಪ್ಲೇಟ್ ಬದಲಿಸಿ, ಆಸಿಡ್ ತುಂಬಿ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿ ಮರುದಿನ ಕೊಡುತ್ತಿದ್ದ. "ಏನರ ಆದ್ರ ನಾ ಅದೀನಿ ಕಾಕಾ, ತಗೊಂಡ್ ಹೋಗ್ರಿ" ಅಂತ ಅವನು ಅಂದರೆ ಅದೇ ಗ್ಯಾರಂಟಿ. ಆ ಮಾತಿಗೆ ಬೆಲೆ ಇತ್ತು, ಏಕೆಂದರೆ ಕೆಟ್ಟದ್ದನ್ನು ಸರಿ ಮಾಡುವುದು ಅವನ ಕೈಯಲ್ಲೇ ಇತ್ತು. ಊರು ಬಿಟ್ಟು ಹೋಗುವವನೂ ಅಲ್ಲ.

ಆಮೇಲೆ ಪ್ಲಾಸ್ಟಿಕ್ ಡಬ್ಬಿ ಬಂತು, ನೀರು ಹಾಕುವ ಕೆಲಸವೂ ಇಲ್ಲದ ಸೀಲ್ ಬ್ಯಾಟರಿ ಬಂತು. ಅದನ್ನು ಬಿಚ್ಚುವಂತಿಲ್ಲ, ಬದಲಿಸುವುದೊಂದೇ ದಾರಿ. ಮಿಸ್ತ್ರಿ ಈಗ ರಿಪೇರಿ ಮಾಡುವವನಲ್ಲ, ದೂರದ ಕಂಪನಿಯ ಮಾಲು ಕೊಡುವವನು. ಮಾತು ಕೊಟ್ಟದ್ದು ಕಂಪನಿ. ಅದಕ್ಕೆ ನಿಮ್ಮ ಮುಖಪರಿಚಯ ಇಲ್ಲ. ಅದಕ್ಕೆ ಗೊತ್ತಿರುವುದು ಬ್ಯಾಟರಿ ಮೇಲಿನ ಸೀರಿಯಲ್ ನಂಬರ್, ಬಿಲ್ಲಿನ ತಾರೀಕು, ಕಾರ್ಡಿನ ಮೇಲಿನ ಅಂಗಡಿ ಸಿಕ್ಕ, ಇಷ್ಟೇ. ನಾವು ಮಾತ್ರ ಇನ್ನೂ "ನಾ ಅದೀನಿ ಕಾಕಾ" ಕಾಲದಲ್ಲೇ ವ್ಯಾಪಾರ ಮಾಡುತ್ತಿದ್ದೇವೆ.

ಕಾರ್ಡು ಇದ್ದವರೂ ಅದನ್ನು ಓದಿರುವುದಿಲ್ಲ. "48 ತಿಂಗಳು" ಅಂತ ದೊಡ್ಡ ಅಕ್ಷರದಲ್ಲಿ ಇದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಎರಡು ಪಾಲು ಮಾಡಿರುತ್ತಾರೆ. ಮೊದಲ ಪಾಲಿನಲ್ಲಿ ಕೆಟ್ಟರೆ ಪುಕ್ಕಟೆ ಬದಲಿ. ಎರಡನೆಯದರಲ್ಲಿ ಹೊಸದರ ಬೆಲೆಯಲ್ಲಿ ಇಷ್ಟು ಶೇಕಡಾ ರಿಯಾಯಿತಿ ಮಾತ್ರ, ಅದೂ ತಿಂಗಳು ಕಳೆದಂತೆ ಇಳಿಯುತ್ತದೆ. ಇದಕ್ಕೆ ಪ್ರೊ-ರೇಟಾ ಅನ್ನುತ್ತಾರೆ. ಬದಲಿ ಬ್ಯಾಟರಿ ಸಿಕ್ಕರೂ ಸಾಮಾನ್ಯವಾಗಿ ಅದಕ್ಕೆ ಹೊಸ 48 ತಿಂಗಳು ಸಿಗುವುದಿಲ್ಲ, ಹಳೆಯದರಲ್ಲಿ ಉಳಿದ ತಿಂಗಳಷ್ಟೇ. ಗಾಡಿಯ ಚಾರ್ಜಿಂಗ್ ಕೆಟ್ಟು ಬ್ಯಾಟರಿ ಸತ್ತಿದ್ದರೆ, ಹೆಚ್ಚಿನ ಲೋಡ್ ಹಾಕಿದ್ದರೆ ಕ್ಲೇಮ್ ತಿರಸ್ಕರಿಸುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆ ಟ್ರ್ಯಾಕ್ಟರಿಗೆ ಕಟ್ಟುವ ಸೌಂಡ್ ಬಾಕ್ಸ್ ನೋಡಿದ್ದೀರಲ್ಲ? ಹಾಡು ಹತ್ತೂರಿಗೆ ಕೇಳಿಸಿದ ಮೇಲೆ ವಾರಂಟಿ ಕೇಳುವುದು ಸ್ವಲ್ಪ ಕಷ್ಟ.

ಇನ್ನು ಕಾನೂನಿನ ಕಡೆ. 1930ರ ಸರಕು ಮಾರಾಟ ಕಾಯ್ದೆಯಲ್ಲೂ ಗಿರಾಕಿಗೆ ಒಂದಿಷ್ಟು ರಕ್ಷಣೆ ಇತ್ತು. ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ, ಮಾರುವವನ ತಿಳಿವಳಿಕೆ ನಂಬಿ ಕೊಂಡರೆ, ಮಾಲು ಆ ಕೆಲಸಕ್ಕೆ ಬರಬೇಕು. ಆದರೆ ಅದನ್ನು ಕೇಳಲು ಸಿವಿಲ್ ಕೋರ್ಟಿಗೆ ಹೋಗಬೇಕಿತ್ತು. ಒಂದು ಬ್ಯಾಟರಿಗಾಗಿ ಯಾರು ವಕೀಲರನ್ನು ಹಿಡಿಯುತ್ತಾರೆ? 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆ ನೀವೇ ವಾದಿಸಬಹುದು. ನಮಗೆ ಅದೂ ದೂರವೇ ಆಗಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ಅಲ್ಲಿವರೆಗೆ ಬೀಳಗಿಯವರಿಗೂ ಜಮಖಂಡಿಯವರಿಗೂ ಜಿಲ್ಲಾ ಕೇಂದ್ರ ವಿಜಾಪುರ.

ಇನ್ನೊಂದು ತೊಡಕು: "ವ್ಯಾಪಾರದ ಉದ್ದೇಶಕ್ಕೆ" ಕೊಂಡವರು ಗ್ರಾಹಕರಲ್ಲ ಅಂತ ಕಾಯ್ದೆ ಹೇಳುತ್ತದೆ. ಹಾಗಾದರೆ ಟಂಟಂ ಓಡಿಸುವವನ ಗತಿ? 1993ರ ತಿದ್ದುಪಡಿ ಇದಕ್ಕೆ ವಿವರಣೆ ಸೇರಿಸಿತು: ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡದ್ದು ವ್ಯಾಪಾರವಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಟೋ, ಲಾರಿಯ ಉದಾಹರಣೆಯನ್ನೇ ಕೊಟ್ಟಿತು. ಬದುಕು ಸಾಗಿಸಲು ತಾನೇ ಓಡಿಸುವವ ಗ್ರಾಹಕ; ಕೊಂಡು ಪೂರ್ತಿ ಬೇರೆಯವರ ಕೈಗೆ ಓಡಿಸಲು ಬಿಡುವವ ಅಲ್ಲ. ನಮ್ಮ ಕಡೆಯ ಚಾಲಕರಿಗೆ ಇದಕ್ಕಿಂತ ಉಪಯೋಗದ ತೀರ್ಪು ಕಡಿಮೆ ಎಂದು ನನ್ನ ಅಭಿಪ್ರಾಯ.

2019ರ ಹೊಸ ಕಾಯ್ದೆಯ ಮುಖ್ಯ ಭಾಗ 2020ರ ಜುಲೈ 20ರಂದು ಜಾರಿಯಾಯಿತು. ವೇದಿಕೆಗೆ ಈಗ ಆಯೋಗ ಅನ್ನುತ್ತಾರೆ. ಮೊದಲು ಹುಬ್ಬಳ್ಳಿಯಲ್ಲಿ ಕೊಂಡ ಬ್ಯಾಟರಿಗೆ ಸಾಮಾನ್ಯವಾಗಿ ಆ ಜಿಲ್ಲೆಗೇ ಹೋಗಬೇಕಿತ್ತು. ಈಗ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಬಾಗಲಕೋಟೆಯಲ್ಲೇ, ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕ ಇಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಗ್ಯಾರೇಜಿನ ರಿಪೇರಿಯೂ ಸೇವೆಯೇ, ಅದರ ಮೇಲೂ ದೂರು ನಡೆಯುತ್ತದೆ. ಮೂರು ತಿಂಗಳಲ್ಲಿ, ಮಾಲಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅಷ್ಟು ಬೇಗ ಮುಗಿಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ.

ಅಂಗಡಿಯವರನ್ನೇ ಬೈದರೆ ಪೂರ್ತಿ ನ್ಯಾಯವಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಗಾಡಿ ಬ್ಯಾಟರಿಗೆ ಶೇ 28 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18. "ಬಿಲ್ ಬ್ಯಾಡ್ರಿ, ರೊಕ್ಕಾ ಕಮ್ಮಿ ಮಾಡ್ರಿ" ಅಂತ ಮೊದಲು ಕೇಳುವವರು ಬಹಳ ಸಲ ನಾವೇ. ಉಳಿಸಿದ ರೊಕ್ಕದ ಜೊತೆಗೆ ವಾರಂಟಿಯನ್ನೂ ಅಲ್ಲೇ ಬಿಟ್ಟು ಬರುತ್ತೇವೆ. ಹಾಗಂತ ಬಿಲ್ ಕೊಡುವುದಿಲ್ಲ ಅನ್ನುವ ಹಕ್ಕು ಅಂಗಡಿಗೂ ಇಲ್ಲ. ಹೊಸ ಕಾಯ್ದೆಯಲ್ಲಿ ಅದು ಅನುಚಿತ ವ್ಯಾಪಾರ ಪದ್ಧತಿ.

ಬ್ಯಾಟರಿ ಕೊಂಡ ದಿನವೇ ಬಿಲ್ಲು, ಕಾರ್ಡು, ಸೀರಿಯಲ್ ನಂಬರ್ ಮೂರರ ಫೋಟೋ ಫೋನಿನಲ್ಲಿ ಹೊಡೆದಿಡಿ. ಬಿಲ್ಲಿನ ಅಕ್ಷರ ಬೇಗ ಅಳಿಸಿಹೋಗಬಹುದು. ಕೆಟ್ಟ ಬ್ಯಾಟರಿಯನ್ನು ಪರೀಕ್ಷೆಗೆ ಬಿಟ್ಟು ಬರುವಾಗ ತಾರೀಕು, ನಂಬರ್ ಬರೆದ ಚೀಟಿ ಇಸಿದುಕೊಳ್ಳಿ. ಸೀಸಕ್ಕೆ ಗುಜರಿಯಲ್ಲೂ ಬೆಲೆ ಇದೆ, ಚೀಟಿ ಇಲ್ಲದೆ ಬಿಟ್ಟರೆ ಬ್ಯಾಟರಿಯೂ ಹೋಯಿತು, ಸಾಕ್ಷಿಯೂ ಹೋಯಿತು. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ. ಆಯೋಗಕ್ಕೆ ಹೋಗುವ ಮೊದಲು 1915ಕ್ಕೆ ಫೋನ್ ಮಾಡಬಹುದು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.