ಬಣ್ಣ ಬಾಳಿದರೆ ಸಾಲದು, ಮಗ್ಗವೂ ಬಾಳಬೇಕು



ನಾವು ಸೇರಿರುವ ಈ ವುಡ್‌ಬ್ರಿಡ್ಜ್ ಒಂದು ಕಾಲದಲ್ಲಿ ಕಸುಬುದಾರರ ಊರು. 1837ರಲ್ಲಿ ಇಲ್ಲಿಗೆ ಬಂದ ರೋಲೆಂಡ್ ಬರ್ ಹಂಬರ್ ನದಿಯ ನೀರನ್ನು ನಂಬಿ ಗಿರಣಿ ಕಟ್ಟಿದ. 1862ರಲ್ಲಿ ಜಾನ್ ಏಬೆಲ್ ಕೃಷಿ ಯಂತ್ರಗಳ ಕಾರ್ಖಾನೆ ತೆರೆದ. 1880ರ ದಶಕದಲ್ಲಿ ಅದನ್ನು ಟೊರಾಂಟೊಗೆ ಸಾಗಿಸಿದ. ಒಡೆಯ ಹೊರಟ, ಅವನ ಜೊತೆ ಕೆಲಸವೂ ಹೊರಟಿತು.

ದುಡಿಯುವವರೇ ಒಡೆಯರಾದರೆ ಕಸುಬು ಊರಲ್ಲೇ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಮ್ಮ ಮಲೆನಾಡು. 1990ರ ದಶಕದಲ್ಲಿ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಹೆಂಗಸರು ನೇಯ್ದರು, ಹೊಲಿದರು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಬಟ್ಟೆಗೆ ಕೆಂಗಂದು ಬಣ್ಣವಾಯಿತು. ‘ದೇಸಿ’ ಅಂಗಡಿಗಳು ಆ ಬಟ್ಟೆಯನ್ನು ಪೇಟೆಗೆ ಮುಟ್ಟಿಸಿದವು.

2017ರಲ್ಲಿ ಜಿಎಸ್‌ಟಿ ಬಂತು. ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಉಪವಾಸ ಕುಳಿತರು. 2020ರಲ್ಲಿ, ಕೊರೊನಾ ಕಾಲದ ಸಂಕಷ್ಟದ ನಡುವೆ, ‘ಚರಕ’ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿಯೇ ಹೇಳಿಕೊಂಡಿತು. ಬಣ್ಣದಲ್ಲಿ ದೋಷವಿರಲಿಲ್ಲ, ನೇಯ್ಗೆಯಲ್ಲೂ ಇರಲಿಲ್ಲ.

ಸುಸ್ಥಿರತೆ ಎಂದರೆ ಪರಿಸರ ಮಾತ್ರ ಎಂದು ನಾವು ತಿಳಿಯುತ್ತೇವೆ. ಈ ಚರಿತ್ರೆಯಿಂದ ನಾನು ಕಲಿತದ್ದು ಬೇರೆ: ಕೊಳ್ಳುವವರೂ ಆ ಸಮುದಾಯದ ಭಾಗವಾಗದಿದ್ದರೆ ಸಹಕಾರ ಅರ್ಧವೇ. ರಾಜ್ಯೋತ್ಸವಕ್ಕೆ ಸೀರೆ, ಶಾಲು, ಜುಬ್ಬ ನಮಗೆ ಪ್ರತಿವರ್ಷ ಬೇಕು. ಅವನ್ನು ನಮ್ಮ ಸಂಘಗಳು ಆರು ತಿಂಗಳ ಮೊದಲೇ, ಮುಂಗಡ ಕೊಟ್ಟು, ಕೈಮಗ್ಗದವರಿಂದಲೇ ತರಿಸಲಿ. ಅದು ದಾನವಲ್ಲ, ವ್ಯಾಪಾರ. ಮಗ್ಗಕ್ಕೆ ಬೇಕಾದದ್ದೂ ಅದೇ.