ಪ್ರೊಬೇಷನ್
ಸರ್ಕಾರಿ ನೌಕರಿಗೆ ಹೊಸದಾಗಿ ಸೇರಿದವರ ಬಾಯಲ್ಲಿ ‘ಇನ್ನೂ ಪ್ರೊಬೇಷನ್ ಮುಗಿದಿಲ್ಲ’ ಎಂಬ ಮಾತು ಸಾಮಾನ್ಯ. ಕೋರ್ಟಿನಲ್ಲಿ ಕೇಳುವುದೂ ಅದೇ ಪದ. ಪರೀಕ್ಷೆ ಮಾತ್ರ ಬೇರೆ: ಅಲ್ಲಿ ಅಪರಾಧಿಯನ್ನು ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಷರತ್ತಿನ ಮೇಲೆ ಹೊರಗೆ ಬಿಟ್ಟು ನೋಡುತ್ತಾರೆ. ಮೂಲ ಲ್ಯಾಟಿನ್ನಿನ ‘ಪ್ರೊಬಾರೆ’, ಅಂದರೆ ಒರೆಗೆ ಹಚ್ಚಿ ನೋಡುವುದು. ಅಚ್ಚುಮನೆಯ ‘ಪ್ರೂಫ್’ ಕೂಡ ಇದರ ದಾಯಾದಿಯೇ.

ಅಪರಾಧಿಗಳಿಗೆ ಈ ಪದ ಅಂಟಿದ್ದಕ್ಕೆ ಬಾಸ್ಟನ್ನಿನ ಬೂಟು ತಯಾರಕ ಜಾನ್ ಆಗಸ್ಟಸ್‌ನ ಹೆಸರು ಹೇಳುತ್ತಾರೆ. 1841ರಲ್ಲಿ ಕುಡುಕನೊಬ್ಬನಿಗೆ ಆತ ತಾನೇ ಜಾಮೀನು ನಿಂತ. ಮೂರು ವಾರದ ಬಳಿಕ ಅದೇ ಆಸಾಮಿ ಕುಡಿತ ಬಿಟ್ಟು, ನೆಟ್ಟಗೆ ಬಂದು ನಿಂತಾಗ ನ್ಯಾಯಾಧೀಶರು ಹಾಕಿದ ದಂಡ ಒಂದೇ ಸೆಂಟ್! (ಕೋರ್ಟು ಖರ್ಚು ಬೇರೆ ಅನ್ನಿ.)

ನಮ್ಮ ದೇಶದ ಪ್ರೊಬೇಷನ್ ಕಾಯ್ದೆ 1958ರದು. ಅಪರಾಧಿಗೆ 21 ವರ್ಷ ತುಂಬಿಲ್ಲ, ಅಪರಾಧವೂ ಜೀವಾವಧಿ ಶಿಕ್ಷೆಗೆ ಗುರಿಯಾಗುವಂಥದ್ದಲ್ಲ ಎಂದಾದರೆ, ಜೈಲಿನ ಮಾತೆತ್ತುವ ಮುನ್ನ ಕೋರ್ಟು ಪ್ರೊಬೇಷನ್ ಅಧಿಕಾರಿಯ ವರದಿ ಕೇಳಬೇಕು. ನಡತೆಯ ಜೊತೆಗೆ ದೇಹ, ಮನಸ್ಸುಗಳ ಸ್ಥಿತಿಯನ್ನೂ ನೋಡಬೇಕು. ಏನು ಮಾಡಿದ ಎಂಬುದರ ಪಕ್ಕದಲ್ಲಿ ಏಕೆ ಮಾಡಿದ, ಸಿಟ್ಟೋ, ಚಟವೋ, ಸಹವಾಸವೋ ಎಂಬ ಪ್ರಶ್ನೆ ಬಂದು ಕೂರುವುದು ಇಲ್ಲಿ. ಮನೋವಿಜ್ಞಾನಕ್ಕೆ ಕಾನೂನು ತೆರೆದ ಒಳ್ಳೆಯ ಬಾಗಿಲು ಇದು.

ಬಳಗದ ಹುಡುಗನೊಬ್ಬನ ಮೇಲೆ ಮೊದಲ ಕೇಸು ಬಿದ್ದರೆ ‘ಇನ್ನು ಜೈಲೇ ಗತಿ’ ಎಂದು ಕೈಚೆಲ್ಲಬೇಡಿ. ಈ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಿ.